ಏಳು ಕಿಲೋ ಚೀಲದಲ್ಲಿ ಕೊಬ್ಬರಿಗೆ ಜಾಗವಿಲ್ಲ

ಪ್ರಶ್ನೆ: ಜನವರಿಯಲ್ಲಿ ದೆಹಲಿಯಲ್ಲಿರುವ ತಮ್ಮನ ಗೃಹಪ್ರವೇಶಕ್ಕೆ ನಾನೂ ಯಜಮಾನರೂ ಬೆಂಗಳೂರಿನಿಂದ ವಿಮಾನದಲ್ಲಿ ಹೊರಟಿದ್ದೇವೆ. ನಾಲ್ಕೇ ದಿನವಾದ್ದರಿಂದ ಲಗೇಜು ಹಾಕಿ, ಇಳಿದ ಮೇಲೆ ಬೆಲ್ಟಿನ ಮುಂದೆ ಕಾಯುವುದು ಬೇಡ, ಕೈಚೀಲದಲ್ಲೇ ಮುಗಿಸಿ ಎನ್ನುತ್ತಾನೆ ಮಗ. ರೇಷ್ಮೆ ಸೀರೆ, ಚಳಿಯ ಬಟ್ಟೆ, ಮನೆಯ ತುಪ್ಪ, ಚಟ್ನಿಪುಡಿ, ನಾದಿನಿಯ ಮಡಿಲು ತುಂಬಲು ಕೊಬ್ಬರಿ ಬಟ್ಟಲು, ಇಷ್ಟನ್ನೂ ಅದರಲ್ಲೇ ಒಯ್ಯಬಹುದೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಬಟ್ಟೆಯ ಮಟ್ಟಿಗೆ ನಿಮ್ಮ ಮಗನ ಮಾತು ಸರಿ, ಉಡುಗೊರೆಯ ಮಟ್ಟಿಗೆ ಅಲ್ಲ. ದೇಶದೊಳಗಿನ ವಿಮಾನಗಳ ಸಾಮಾನ್ಯ ದರ್ಜೆಯಲ್ಲಿ ಕೈಚೀಲದ ತೂಕ ಬಹುತೇಕ 7 ಕಿಲೋ ಮೀರುವಂತಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕೂಡಿ ಸಾಮಾನ್ಯವಾಗಿ 115 ಸೆಂ.ಮೀ. ಒಳಗಿರಬೇಕು. ಗಾಲಿಯ ಗಟ್ಟಿ ಪೆಟ್ಟಿಗೆ ಖಾಲಿಯಿದ್ದಾಗಲೇ ಎರಡೂವರೆಯಿಂದ ಮೂರು ಕಿಲೋ ತೂಗುವುದರಿಂದ, ಮನೆಯಲ್ಲಿ ಮೆತ್ತನೆಯ ಬಟ್ಟೆಯ ಚೀಲವಿದ್ದರೆ ಅದನ್ನೇ ತೆಗೆದುಕೊಳ್ಳಿ. ತೂಕ ನೋಡಲು ಅಂಗಡಿಗೆ ಹೋಗಬೇಕಿಲ್ಲ: ಮನೆಯ ತೂಕದ ಯಂತ್ರದ ಮೇಲೆ ಮೊದಲು ನೀವೊಬ್ಬರೇ, ಆಮೇಲೆ ಚೀಲ ಹಿಡಿದು ನಿಂತರೆ ವ್ಯತ್ಯಾಸವೇ ಚೀಲದ ತೂಕ.

ಜನವರಿಯ ದೆಹಲಿಯ ಚಳಿ ನಮ್ಮ ಕಡೆಯದಲ್ಲ. ಸ್ವೆಟರ್, ಶಾಲು, ಕಾಲುಚೀಲ, ಬೂಟು ಬೇಕೇ ಬೇಕು. ಆದರೆ ಅವನ್ನು ಚೀಲಕ್ಕೆ ಹಾಕದೆ ಮೈಮೇಲೆ ಹಾಕಿಕೊಂಡೇ ಹೊರಡಿ. ಬೆಂಗಳೂರಿನಲ್ಲಿ ಸ್ವಲ್ಪ ಸೆಕೆಯಾದರೂ ವಿಮಾನದ ಒಳಗಿನ ಎ.ಸಿ.ಗೆ ಶಾಲು ಹೇಗೂ ಬೇಕಾಗುತ್ತದೆ. ಪೂಜೆಗೆ ಒಂದು ಜರಿ ಸೀರೆ ಸಾಕು; ಅದನ್ನು ಮಡಿಕೆ ಮುರಿಯದೆ, ರವಿಕೆಯನ್ನು ಮಡಿಕೆಯೊಳಗೇ ಇಟ್ಟು, ಹಳೆಯ ಬಿಳಿ ಪಂಚೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲಿಡಿ. ಉಳಿದ ದಿನಗಳಿಗೆ ಸುಕ್ಕಾಗದ ಎರಡು ಸಿಂಥೆಟಿಕ್ ಸೀರೆಗಳನ್ನು ಸುರುಳಿ ಸುತ್ತಿ ಅಡಿಗೆ ಹಾಕಿ. ಅಂಚು ದಪ್ಪಗಿರುವ ಹತ್ತಿಯ ಸೀರೆ ನೋಡಲು ಸರಳವಾದರೂ ತೂಕದಲ್ಲಿ ಮೋಸ ಮಾಡುತ್ತದೆ. ಮಾತ್ರೆಗಳನ್ನು ವೈದ್ಯರ ಚೀಟಿಯ ಸಮೇತ ಕೈಗೆ ಸಿಗುವ ಜೇಬಿನಲ್ಲಿಡಿ.

ಇನ್ನು ಕೊಬ್ಬರಿ. ತಿಪಟೂರಿನವರಿಗೆ ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು: ಒಣ ಕೊಬ್ಬರಿಯನ್ನು ಕೈಚೀಲದಲ್ಲೂ ಒಯ್ಯುವಂತಿಲ್ಲ, ಲಗೇಜಿನಲ್ಲೂ ಹಾಕುವಂತಿಲ್ಲ. ಎಣ್ಣೆಯಂಶ ಹೇರಳವಾಗಿರುವ ಕೊಬ್ಬರಿ ಗಾಳಿಯೊಡನೆ ಸೇರಿ ತನ್ನಷ್ಟಕ್ಕೇ ಕಾವೇರಬಲ್ಲದು ಎಂಬ ಕಾರಣಕ್ಕೆ ಅದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿದೆ. ಮಂಡಿಯಲ್ಲಿ ರಾಶಿ ಬಿದ್ದಿರುವುದನ್ನು ದಿನವೂ ನೋಡುವವರಿಗೆ ಇದು ಅತಿ ಎನಿಸಬಹುದು, ಆದರೆ ತಪಾಸಣೆಯವರೊಡನೆ ವಾದ ಮಾಡಿ ಪ್ರಯೋಜನವಿಲ್ಲ. ಮಡಿಲು ತುಂಬುವ ಕೊಬ್ಬರಿಯನ್ನು ದೆಹಲಿಯಲ್ಲೇ ಕೊಳ್ಳಿ. ದಕ್ಷಿಣದ ಸಾಮಾನುಗಳಿಗೆ ಅಲ್ಲಿನ ಐ.ಎನ್.ಎ. ಮಾರುಕಟ್ಟೆ ಹೆಸರಾದದ್ದು. ಕುಂಕುಮ, ಅರಿಸಿನ, ಬಳೆ, ರವಿಕೆ ಕಣವನ್ನು ನೀವೇ ಒಯ್ಯಿರಿ.

ತುಪ್ಪವನ್ನು ದ್ರವವೆಂದೇ ಲೆಕ್ಕ ಹಿಡಿಯುತ್ತಾರೆ. ಖಾರದ ಪುಡಿಗಳನ್ನೂ ಕೈಚೀಲದಲ್ಲಿ ತಡೆಯುವುದುಂಟು. ತಮ್ಮನಿಗೆ ಊರಿನ ತುಪ್ಪ, ಚಟ್ನಿಪುಡಿ ಕೊಡಲೇಬೇಕೆಂದಿದ್ದರೆ ನನ್ನ ಅಭಿಪ್ರಾಯದಲ್ಲಿ ಕೈಚೀಲದ ಹಟ ಬಿಟ್ಟುಬಿಡಿ. ದೇಶದೊಳಗಿನ ಸಾಮಾನ್ಯ ಟಿಕೆಟಿನಲ್ಲಿ ಹೆಚ್ಚಾಗಿ 15 ಕಿಲೋ ಲಗೇಜಿಗೆ ಬೇರೆ ಹಣ ಕೊಡಬೇಕಿಲ್ಲ. ನಿಮ್ಮ ಟಿಕೆಟಿನಲ್ಲಿ ಅದಿದೆಯೇ ಎಂದು ಮಗನನ್ನು ಕೇಳಿ. ಇಬ್ಬರಿಗೂ ಸೇರಿ ಒಂದೇ ಚೀಲ ಹಾಕಿದರೆ ಕಾಯುವುದು ಅರ್ಧ ಗಂಟೆಯ ಮಾತು. ಹಾಗೆಯೇ ಯಜಮಾನರ ಎಲೆಯಡಿಕೆ ಸಂಚಿಯನ್ನೊಮ್ಮೆ ನೋಡಿಬಿಡಿ: ಅಡಕತ್ತರಿ ಇದ್ದರೆ ಅದು ಲಗೇಜಿಗೆ ಹೋಗಬೇಕು, ಬೆಂಕಿಪೊಟ್ಟಣವಿದ್ದರೆ ಮನೆಯಲ್ಲೇ ಉಳಿಯಬೇಕು.

ಪ್ರಶ್ನೆ: ಎಂಟು ತಿಂಗಳ ಮಗುವಿನೊಡನೆ ಮಂಗಳೂರಿನಿಂದ ದುಬೈಗೆ ಹೋಗಬೇಕಾಗಿದೆ. ಹಾಲು ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲಿ ಇರಬಹುದೇ?
– ಓದುಗರೊಬ್ಬರು, ಬಂಟ್ವಾಳ

ಉತ್ತರ: ಎರಡೂ ಇರಬಹುದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕಬಾರದು. 100 ವಾಟ್-ಅವರ್ ಒಳಗಿನದಕ್ಕೆ ಕಂಪನಿಯ ಅನುಮತಿ ಬೇಡ, ಮೊಬೈಲಿಗೆ ಬಳಸುವ 20,000 ಎಂ.ಎ.ಎಚ್.ನದು ಸುಮಾರು 74 ಆಗುತ್ತದೆ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ವಿದೇಶಯಾನದಲ್ಲಿ ಕೈಚೀಲದ ದ್ರವಗಳಿಗೆ 100 ಮಿ.ಲೀ. ಮಿತಿ ಬಂದಿತಾದರೂ, ಪ್ರಯಾಣಕ್ಕೆ ಬೇಕಾಗುವಷ್ಟು ಮಗುವಿನ ಹಾಲಿಗೆ ಮತ್ತು ಔಷಧಿಗೆ ಅದರಿಂದ ವಿನಾಯಿತಿ ಇದೆ. ತಪಾಸಣೆಯಲ್ಲಿ ಕೇಳುವ ಮೊದಲೇ ಅವನ್ನು ಹೊರತೆಗೆದು ತೋರಿಸಿ.