ಬೆಳಗಾವಿಯಲ್ಲಿ ಊಟ-ತಿಂಡಿಗೆ ಮರಾಠಿ ಬೇಕೇ?

ನಿಮ್ಮ ತಂಗಿಯವರು ಮೈಸೂರಿನಿಂದ ಇಲ್ಲಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಎಂ.ಎ. ಓದಲು ಬರುತ್ತಿದ್ದಾರೆಂದೂ, ಮರಾಠಿ ಬಾರದ ಹುಡುಗಿ ಬೆಳಗಾವಿಯ ಹೋಟೆಲುಗಳಲ್ಲಿ ಏನು ತಿಂದಾಳು, ಹೇಗೆ ಕೇಳಿಯಾಳು ಎಂದು ನಿಮ್ಮ ತಾಯಿಯವರು ಚಿಂತಿಸುತ್ತಿದ್ದಾರೆಂದೂ ತಿಳಿಸಿದ್ದೀರಿ. ನಾನು ಚಿಕ್ಕೋಡಿ ತಾಲ್ಲೂಕಿನ ಹಳ್ಳಿಯೊಂದರವನು. ಪದವಿಗೆಂದು ಬೆಳಗಾವಿಗೆ ಬಂದು ನಾಲ್ಕನೆಯ ವರ್ಷ ನಡೆಯುತ್ತಿದೆ. ಈ ಅವಧಿಯಲ್ಲಿ ಖಾನಾವಳಿಯ ರೊಟ್ಟಿ, ಕಾಲೇಜಿನ ಎದುರಿನ ಚಹಾ ಮತ್ತು ಸಂಜೆಯ ಗಾಡಿಗಳ ತಿನಿಸುಗಳೇ ನನ್ನನ್ನು ಸಾಕಿವೆ. ಆದ್ದರಿಂದ ತಾಯಿಯವರಿಗೆ ನೇರವಾಗಿಯೇ ಹೇಳಿ: ಊಟ-ತಿಂಡಿಗೆ ಮರಾಠಿ ಬೇಕಿಲ್ಲ. ಆದರೆ ಮೈಸೂರಿನಿಂದ ತರುವ ಕನ್ನಡವೂ ಇಲ್ಲಿಯ ತಟ್ಟೆಯ ಮುಂದೆ ಪೂರ್ತಿ ಸಾಲುವುದಿಲ್ಲ. ಮೊದಲ ತಿಂಗಳಲ್ಲಿ ಅವರನ್ನು ತಡವರಿಸುವಂತೆ ಮಾಡುವುದು ನಮ್ಮ ಕನ್ನಡದ ತಿನಿಸುಗಳ ಹೆಸರುಗಳೇ.

ಚುರುಮುರಿಯಿಂದಲೇ ಆರಂಭಿಸೋಣ. ನಿಮ್ಮಲ್ಲಿ ಚುರುಮುರಿ ಎಂದರೆ ತುರಿದ ಕ್ಯಾರೆಟ್, ಈರುಳ್ಳಿ, ಖಾರ ಬೆರೆಸಿ ಕಾಗದದ ಪೊಟ್ಟಣದಲ್ಲಿ ಕೊಡುವ ತಿನಿಸು. ನಮ್ಮಲ್ಲಿ ಚುರಮುರಿ ಎಂದರೆ ಏನನ್ನೂ ಬೆರೆಸದ ಪುರಿ, ದಾವಣಗೆರೆಯವರು ಮಂಡಕ್ಕಿ ಎನ್ನುವ ಪದಾರ್ಥ. ನಿಮ್ಮ ತಂಗಿಯವರು ಅಂಗಡಿಯಲ್ಲಿ ಚುರಮುರಿ ಕೇಳಿದರೆ ಅದನ್ನು ಅಳೆದು ಚೀಲಕ್ಕೆ ಸುರಿದು ಕೊಡುತ್ತಾರೆ. ನೆನೆಸಿ ಒಗ್ಗರಣೆ ಹಾಕಿದರೆ ಅದು ಸುಸಲಾ ಆಗುತ್ತದೆ, ಗೊಜ್ಜಿನಲ್ಲಿ ಕಲಸಿದರೆ ಗಿರಮಿಟ್ ಆಗುತ್ತದೆ. ಈರುಳ್ಳಿ ಇಲ್ಲಿ ಉಳ್ಳಾಗಡ್ಡಿ, ಕಡಲೆಕಾಯಿ ಬೀಜ ಶೇಂಗಾ, ಹುರಿಗಡಲೆ ಪುಟಾಣಿ. ಪಲ್ಯ ಎಂದರೆ ಅನ್ನದ ಪಕ್ಕದ ಒಣ ಪಲ್ಯವಷ್ಟೇ ಅಲ್ಲ, ರೊಟ್ಟಿ ಅದ್ದಿಕೊಳ್ಳುವಷ್ಟು ರಸವಿರುವ ಕಾಳು, ಬದನೆಕಾಯಿಗಳಿಗೂ ಅದೇ ಹೆಸರು. ರೊಟ್ಟಿ ಎಂದರೆ ಜೋಳದ್ದೇ, ಅಕ್ಕಿರೊಟ್ಟಿಯನ್ನು ನಿರೀಕ್ಷಿಸಬಾರದು. ಇನ್ನು ಭಜಿ ಮತ್ತು ಭಾಜಿ ಎರಡನ್ನೂ ಬೇರೆ ಮಾಡಿಕೊಳ್ಳಬೇಕು. ಭಜಿ ಎಂದರೆ ನಿಮ್ಮ ಬಜ್ಜಿ, ಎಣ್ಣೆಯಲ್ಲಿ ಕರಿದದ್ದು. ಭಾಜಿ ಎಂಬುದು ಮರಾಠಿಯಲ್ಲಿ ಪಲ್ಯಕ್ಕೆ ಹೇಳುವ ಮಾತು, ಪಾವ್‌ಭಾಜಿಯಲ್ಲಿರುವುದು ಅದೇ. ಒಂದು ದೀರ್ಘದ ವ್ಯತ್ಯಾಸದಿಂದ ತಟ್ಟೆಗೆ ಬರುವ ವಸ್ತುವೇ ಬದಲಾಗುತ್ತದೆ.

ಗಿರಮಿಟ್ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಹೊರಗಿನವರು ಅದನ್ನು ಭೇಲ್‌ಪುರಿಯ ಇನ್ನೊಂದು ಹೆಸರೆಂದು ತಿಳಿಯುತ್ತಾರೆ. ಭೇಲ್‌ನಲ್ಲಿ ಚಟ್ನಿಗಳು ಹಸಿಯಾಗಿಯೇ ಬೀಳುತ್ತವೆ. ಗಿರಮಿಟ್ಟಿನಲ್ಲಿ ಹೆಚ್ಚಿದ ಉಳ್ಳಾಗಡ್ಡಿಯನ್ನೂ ಹಸಿಮೆಣಸಿನಕಾಯಿಯನ್ನೂ ಅರಿಸಿನದೊಂದಿಗೆ ಎಣ್ಣೆಯಲ್ಲಿ ಬಾಡಿಸಿ, ಹುಣಸೆಯ ರಸ ಮತ್ತು ಬೆಲ್ಲ ಸೇರಿಸಿ ಕುದಿಸಿ, ಗೊಜ್ಜನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡಿರುತ್ತಾರೆ. ಗಿರಾಕಿ ಬಂದು ಕೇಳಿದ ಮೇಲೆಯೇ ಚುರಮುರಿಯನ್ನು ಪಾತ್ರೆಗೆ ಹಾಕಿ, ಗೊಜ್ಜನ್ನೂ ಪುಟಾಣಿ ಹಿಟ್ಟನ್ನೂ ಸೇರಿಸಿ ಕಲಸಿ, ಮೇಲೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಶೇವ್ ಉದುರಿಸಿ ಕೊಡುತ್ತಾರೆ. ಪುಟಾಣಿ ಹಿಟ್ಟು ಗೊಜ್ಜಿನ ತೇವವನ್ನು ಹೀರಿಕೊಳ್ಳುವುದರಿಂದ ಚುರಮುರಿ ಕೆಲವು ನಿಮಿಷಗಳ ಕಾಲ ಗರಿಗರಿಯಾಗಿ ಉಳಿಯುತ್ತದೆ. ಆ ಕೆಲವು ನಿಮಿಷಗಳೊಳಗೆ ತಿನ್ನಬೇಕು. ಕಟ್ಟಿಸಿಕೊಂಡು ಹಾಸ್ಟೆಲಿಗೆ ಒಯ್ದರೆ ಅಲ್ಲಿ ಸಿಗುವುದು ಮುದ್ದೆ. ಬಡಗಿಗಳು ಕಟ್ಟಿಗೆಗೆ ತೂತು ಕೊರೆಯುವ ಉಪಕರಣಕ್ಕೂ ಗಿರಮಿಟ್ ಎಂದೇ ಹೇಳುತ್ತಾರೆ. ಕಲಸುವವರ ಕೈ ಪಾತ್ರೆಯಲ್ಲಿ ತಿರುಗುವುದನ್ನು ನೋಡುವಾಗಲೆಲ್ಲ ನನಗೆ ಆ ಉಪಕರಣದ ನೆನಪಾಗುತ್ತದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಒಳ್ಳೆಯ ಗಿರಮಿಟ್ಟಿಗೆ ಹುಬ್ಬಳ್ಳಿ-ಧಾರವಾಡದ ಕಡೆಗೇ ಹೋಗಬೇಕು. ಬೆಳಗಾವಿ ನಗರದ ನಡುವಿನ ಗಲ್ಲಿಗಳಲ್ಲಿ ಭೇಲ್ ಮತ್ತು ಮಿಸಳ್‌ಗಳದೇ ಮೇಲುಗೈ.

ಗಿರಮಿಟ್ಟಿನ ಜೊತೆಗೆ ಮಿರ್ಚಿ ಬರಲೇಬೇಕು. ಇಲ್ಲಿ "ಎರಡು ಮಿರ್ಚಿ ಕೊಡ್ರಿ" ಎಂದರೆ ಯಾರೂ ಮೆಣಸಿನಕಾಯಿ ಕೊಡುವುದಿಲ್ಲ, ಮಿರ್ಚಿ ಭಜಿಯನ್ನೇ ಕೊಡುತ್ತಾರೆ. ಅದಕ್ಕೆ ಉದ್ದನೆಯ, ಖಾರ ಕಡಿಮೆಯಿರುವ ಹಸಿಮೆಣಸಿನಕಾಯಿಯನ್ನು ಸೀಳಿ, ಒಳಗೆ ಉಪ್ಪು, ಅಜವಾನ ಸವರಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುತ್ತಾರೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಬೆಳಗಾವಿಯ ಮಳೆ ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಆ ದಿನಗಳಲ್ಲಿ ಸಂಜೆ ನಾಲ್ಕರ ತರಗತಿ ಮುಗಿದೊಡನೆ ಕಾಲೇಜಿನ ಎದುರಿನ ಬಂಡಿಯ ತಾಡಪತ್ರಿಯ ಕೆಳಗೆ ಹದಿನೈದು ಜನ ಒತ್ತಿಕೊಂಡು ನಿಂತು, ಎಣ್ಣೆಯಿಂದ ಎತ್ತಿದ ಮೊದಲ ಜಾಲರಿಗೆ ಕೈ ಚಾಚುವುದನ್ನು ನಾನು ಈ ಊರಿನ ಅತ್ಯಂತ ಸುಖದ ಹೊತ್ತು ಎಂದು ಎಣಿಸುತ್ತೇನೆ. ನಿಮ್ಮ ತಂಗಿಯವರಿಗೆ ಒಂದು ಸೂಚನೆ ಹೇಳಿ: ಕೆಲವೊಮ್ಮೆ ಖಾರದ ಮೆಣಸಿನಕಾಯಿಯೂ ರಾಶಿಯಲ್ಲಿ ಸೇರಿಕೊಂಡಿರುತ್ತದೆ, ಆದ್ದರಿಂದ ತುದಿಯನ್ನು ಕಚ್ಚಿ ನೋಡಿದ ಮೇಲೆ ಮುಂದುವರಿಯಬೇಕು.

ಮರಾಠಿಯ ಪ್ರಶ್ನೆ ಏಳುವುದು ಮಿಸಳ್‌ನ ಬಳಿ. ಕೊಲ್ಹಾಪುರ ಇಲ್ಲಿಂದ ಸುಮಾರು 110 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಯ ಮಿಸಳ್ ಬೆಳಗಾವಿಯವರಿಗೆ ಪರಊರಿನ ತಿನಿಸೆಂದು ಅನ್ನಿಸುವುದೇ ಇಲ್ಲ. ಮೊಳಕೆ ಬರಿಸಿದ ಮಡಿಕೆಕಾಳಿನ ಉಸಳ ಎಂಬ ಪಲ್ಯ, ಅದರ ಮೇಲೆ ಫರಸಾಣ ಎಂಬ ಕರಿದ ಕುರುಕಲುಗಳ ಮಿಶ್ರಣ, ಹಸಿ ಉಳ್ಳಾಗಡ್ಡಿ, ನಿಂಬೆಹಣ್ಣಿನ ಹೋಳು, ಬದಿಗೆ ಕೆಂಪು ಎಣ್ಣೆ ತೇಲುವ ಖಾರದ ರಸ. ಆ ರಸಕ್ಕೆ ಕಟ್ ಎಂದು ಹೆಸರು. ಕೊಲ್ಹಾಪುರದವರು ಇದನ್ನು ಪಾವಿನ ಬದಲು ಕತ್ತರಿಸಿದ ಬ್ರೆಡ್ಡಿನೊಂದಿಗೆ ತಿನ್ನುತ್ತಾರೆ, ಬೆಳಗಾವಿಯಲ್ಲಿ ಎರಡೂ ನಡೆಯುತ್ತದೆ. ನಮ್ಮ ಹಳ್ಳಿಯ ಮನೆಯಲ್ಲಿ ಅವ್ವ ಮಾಡುವ ಮಡಿಕೆಕಾಳಿನ ಪಲ್ಯವನ್ನು ತಿಂದು ಬೆಳೆದ ನನಗೆ ಮಿಸಳ್‌ನ ತಟ್ಟೆಯಲ್ಲಿ ಅದೇ ಕಾಳು ಇನ್ನೊಂದು ಉಡುಪಿನಲ್ಲಿ ಕಂಡಿತು. ರೊಟ್ಟಿಯ ಜೋಳದಲ್ಲೂ ಇಂಥದೇ ಸಂಬಂಧವಿದೆ. ವಿಜಯಪುರದ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಮಾಲದಂಡಿ ಬಿಳಿಜೋಳದ ಹೆಸರಾಂತ ತಳಿ ಎಂ 35-1 ರೂಪುಗೊಂಡದ್ದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ. ಪಾವು ಗೋವೆಯ ಪೋರ್ಚುಗೀಸರಿಂದ ಬಂತು. ಹೀಗೆ ಹುಡುಕುತ್ತ ಹೋದರೆ ಮಿರ್ಚಿ ಭಜಿಯ ಮೆಣಸಿನಕಾಯಿಯೂ ಅವರ ಹಡಗಿನಲ್ಲೇ ಬಂದದ್ದು.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ಚಂದಗಡ ತಾಲ್ಲೂಕು ಮಾತ್ರ ಆಚೆಗೆ ಉಳಿಯಿತು, ಇಂದು ಅದು ಕೊಲ್ಹಾಪುರ ಜಿಲ್ಲೆಯಲ್ಲಿದೆ. ಆದರೂ ಚಂದಗಡದ ಹುಡುಗರಿಗೆ ಹತ್ತಿರದ ದೊಡ್ಡ ಪೇಟೆ ಬೆಳಗಾವಿಯೇ. ನನ್ನ ತರಗತಿಯಲ್ಲಿ ಆ ಕಡೆಯ ಗೆಳೆಯನೊಬ್ಬನಿದ್ದಾನೆ. ಚಹಾದ ಅಂಗಡಿಯಲ್ಲಿ ನಾನು "ಎರಡು ಚಹಾ ಕೊಡ್ರಿ" ಎನ್ನುತ್ತೇನೆ, ಅವನು "ದೋನ್ ಚಹಾ ದ್ಯಾ" ಎನ್ನುತ್ತಾನೆ, ಬರುವುದು ಅದೇ ಎರಡು ಗಾಜಿನ ಲೋಟಗಳು. ಚಹಾ ಎಂಬ ಮಾತೇ ಎರಡೂ ಭಾಷೆಗಳಲ್ಲಿ ಒಂದಾಗಿರುವುದರಿಂದ ಉಳಿದದ್ದನ್ನು ಅಂಗಡಿಯವರು ಬೆರಳು ನೋಡಿಯೇ ತಿಳಿಯುತ್ತಾರೆ.

ಎಲ್ಲ ಕಡೆಯೂ ಇಷ್ಟು ಸುಲಭ ಎಂದು ಹೇಳಿದರೆ ಸುಳ್ಳಾದೀತು. ಮೊದಲ ವರ್ಷದಲ್ಲಿ ನಾನೊಮ್ಮೆ ಪೇಟೆಯ ಒಂದು ಉಪಾಹಾರ ಗೃಹಕ್ಕೆ ಹೋಗಿ ತಿನ್ನಲು ಏನಿದೆ ಎಂದು ಕನ್ನಡದಲ್ಲಿ ಕೇಳಿದೆ. ಗಲ್ಲೆಯ ಮೇಲೆ ಕುಳಿತವರು ಮರಾಠಿಯಲ್ಲಿ ಏನೋ ಹೇಳಿ ಮುಖ ತಿರುಗಿಸಿದರು. ಮತ್ತೆ ಕೇಳಿದಾಗ ಉತ್ತರವೇ ಬರಲಿಲ್ಲ. ನನ್ನ ನಂತರ ಬಂದವರಿಗೆ ತಟ್ಟೆಗಳು ಹೋದವು. ಅಂದು ಹಸಿದುಕೊಂಡೇ ಹೊರಗೆ ಬಂದ ನನಗೆ ನನ್ನದೇ ಜಿಲ್ಲೆಯಲ್ಲಿ ಹೀಗಾಯಿತಲ್ಲ ಎಂಬ ನೋವು ಬಹಳ ದಿನ ಉಳಿಯಿತು, ಆ ಬಾಗಿಲಿಗೆ ನಾನು ಮತ್ತೆ ಹೋಗಿಲ್ಲ. ಅದೇ ತಿಂಗಳು ನಮ್ಮ ಕಾಲೇಜಿನ ಹಿಂದಿನ ರಸ್ತೆಯಲ್ಲಿ ವಡಾಪಾವ್ ಮಾರುವ ಮಾವಶಿಯ ಪರಿಚಯವಾಯಿತು. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಗಾಡಿಯ ಮೇಲಿನ ಹೆಂಗಸರನ್ನು ಇಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತೇವೆ. ಮನೆಯಲ್ಲಿ ಮರಾಠಿಯನ್ನಷ್ಟೇ ಆಡುವ ಆಕೆ ನನ್ನ ಕನ್ನಡ ಕೇಳಿದೊಡನೆ ಕನ್ನಡಕ್ಕೆ ಹೊರಳಿ, "ಉಣ್ಣದ ಬಂದೀ ಏನಪ್ಪಾ" ಎಂದು ವಿಚಾರಿಸುತ್ತಾರೆ. ನಾನು ಕಂಡಂತೆ ಈ ಊರಿನಲ್ಲಿ ಹೆಚ್ಚಿನವರು ಈ ಮಾವಶಿಯ ಹಾಗೆ. ನಿಮ್ಮ ತಂಗಿಯವರು ಮೊದಲ ಮಾತನ್ನು ಸಂಕೋಚವಿಲ್ಲದೆ ಕನ್ನಡದಲ್ಲೇ ಆಡಲಿ, ಹಿಂದಿಗೆ ಜಿಗಿಯುವುದು ಬೇಡ. ಹಿಂದಿಯಲ್ಲಿ ಆರಂಭಿಸಿದರೆ ಅಂಗಡಿಯವರೂ ಹಿಂದಿಯಲ್ಲೇ ಮುಂದುವರಿಯುತ್ತಾರೆ, ಆಮೇಲೆ ವರ್ಷಗಟ್ಟಲೆ ಇಬ್ಬರು ಕನ್ನಡ ಬಲ್ಲವರ ನಡುವೆ ಹಿಂದಿಯೇ ನಿಂತುಬಿಡುತ್ತದೆ. ಇದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ.

ಫಲಕಗಳ ಬಗ್ಗೆಯೂ ಕೇಳಿದ್ದೀರಿ. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡವಿರಬೇಕೆಂಬ 2024ರ ಕಾನೂನಿನ ನಂತರ ಹೊರಗಿನ ಅಕ್ಷರಗಳು ಓದಲು ಸಿಗುತ್ತವೆ. ಒಳಗಿನ ದರಪಟ್ಟಿ ಮಾತ್ರ ಕೆಲವೆಡೆ ಮರಾಠಿ, ಕೆಲವೆಡೆ ಇಂಗ್ಲಿಷ್. ಓದಲು ಬಾರದಿದ್ದರೆ ಪಕ್ಕದ ತಟ್ಟೆಯನ್ನು ತೋರಿಸಿ ಕೇಳುವುದರಲ್ಲಿ ಅವಮಾನವೇನೂ ಇಲ್ಲ, ನಾವೆಲ್ಲ ಹಾಗೆಯೇ ಕಲಿತವರು. ಮನೆಯ ನೆನಪು ತೀರಾ ಕಾಡಿದರೆ ಉಡುಪಿ ಹೋಟೆಲುಗಳಿವೆ, ಇಡ್ಲಿ-ದೋಸೆಗೆ ತೊಂದರೆಯಿಲ್ಲ.

ಆದರೆ ಸಂಜೆಯ ತಿನಿಸಿನಿಂದ ತಿಂಗಳು ಕಳೆಯುವುದಿಲ್ಲ, ಅದಕ್ಕೆ ಖಾನಾವಳಿಯೇ ಆಗಬೇಕು. ನೀವು ಮೆಸ್ ಎನ್ನುವುದಕ್ಕೆ ಹತ್ತಿರವಾದದ್ದು ಇದು. "ಲಿಂಗಾಯತ ಖಾನಾವಳಿ" ಎಂಬ ಫಲಕವಿರುವ ಕಡೆ ಊಟ ಸಸ್ಯಾಹಾರದ್ದು. "ಸಾವಜಿ" ಎಂದಿದ್ದರೆ ಖಾರದ ಮಾಂಸದೂಟ. ಮೊದಲನೆಯದರಲ್ಲಿ ಎರಡು ಜೋಳದ ರೊಟ್ಟಿ ಅಥವಾ ಚಪಾತಿ, ಒಂದು ಕಾಳಿನ ಪಲ್ಯ, ಒಂದು ತರಕಾರಿಯ ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ, ಕೆಲವು ದಿನ ಮೆಂತ್ಯದ ಸೊಪ್ಪಿನ ಕಡ್ಡಿಗಳು, ಕೊನೆಗೆ ಅನ್ನ ಸಾರು. ಬಿಸಿ ರೊಟ್ಟಿ ಬೇಕೋ ಕಟಕ ರೊಟ್ಟಿ ಬೇಕೋ ಎಂದು ಕೇಳುತ್ತಾರೆ. ಕಟಕ ಎಂದರೆ ಒಣಗಿಸಿದ್ದು, ಮುರಿದರೆ ಸದ್ದಾಗುವಂಥದ್ದು. ಅದನ್ನು ಮೊಸರಿನಲ್ಲಿ ನೆನೆಸಿ ಶೇಂಗಾ ಚಟ್ನಿ ಕಲಸಿಕೊಂಡು ತಿನ್ನುವುದನ್ನು ನಿಮ್ಮ ತಂಗಿಯವರು ಒಮ್ಮೆ ರೂಢಿಸಿಕೊಂಡರೆ ಪರೀಕ್ಷೆಯ ದಿನಗಳು ನಿಶ್ಚಿಂತೆಯಿಂದ ಕಳೆಯುತ್ತವೆ. ತಿಂಗಳ ಲೆಕ್ಕ ಮಾಡಿಸಿಕೊಂಡರೆ ದಿನದ ದರಕ್ಕಿಂತ ಕಡಿಮೆ ಬೀಳುತ್ತದೆ. ಊಟ ಬಿಟ್ಟ ದಿನಗಳನ್ನು ಕಳೆಯುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಹಣ ಕೊಡುವ ಮೊದಲೇ ಕೇಳಿಕೊಳ್ಳಬೇಕು.

ಖಾನಾವಳಿಗೂ ಹಣ ಸಾಲದ ಹುಡುಗರು ನಮ್ಮಲ್ಲಿ ಅನೇಕರಿದ್ದಾರೆ. ಅವರನ್ನು ಓದಿಸಿದ್ದು ಡಬ್ಬಿ. ಬೆಳಿಗ್ಗೆ ಹಳ್ಳಿಯಲ್ಲಿ ಅವ್ವಂದಿರು ರೊಟ್ಟಿ ಬಡಿದು, ಪಲ್ಯ ಹಾಕಿ, ಬಟ್ಟೆಯಲ್ಲಿ ಕಟ್ಟಿ, ಹೆಸರು ಬರೆದ ಡಬ್ಬಿಯನ್ನು ಸರಕಾರಿ ಬಸ್ಸಿನಲ್ಲಿ ಇಡುತ್ತಾರೆ. ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಮಕ್ಕಳು ಅದನ್ನು ಇಳಿಸಿಕೊಂಡು ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಬಸ್ಸಿಗೆ ಏರಿಸುತ್ತಾರೆ. ನನಗೂ ಎರಡು ವರ್ಷ ಹೀಗೆಯೇ ಡಬ್ಬಿ ಬರುತ್ತಿತ್ತು. ಮಳೆಗೆ ಹಳ್ಳ ತುಂಬಿ ಬಸ್ಸು ಬಾರದ ದಿನ ನಿಲ್ದಾಣದಲ್ಲಿ ನಾವು ಆರೇಳು ಜನ ಕಾಯ್ದು ಕಾಯ್ದು, ಕೊನೆಗೆ ಬಂದ ಇನ್ನೊಂದೂರಿನ ಬಸ್ಸಿನ ಒಂದೇ ಡಬ್ಬಿಯನ್ನು ಬಿಚ್ಚಿ ಹಂಚಿಕೊಂಡು ಉಂಡಿದ್ದೇವೆ. ಅದನ್ನು ಕಟ್ಟಿ ಕಳಿಸಿದ್ದ ತಾಯಿಯ ಮುಖವನ್ನು ನಾನು ನೋಡಿಲ್ಲ, ಆಕೆಯ ಎಣ್ಣೆಗಾಯಿ ಪಲ್ಯದ ಗುರೆಳ್ಳಿನ ರುಚಿ ಮಾತ್ರ ಇಂದಿಗೂ ನೆನಪಿದೆ.

ಸಿಹಿಯ ವಿಷಯದಲ್ಲಿ ಬೆಳಗಾವಿ ಕುಂದಾ ನಿಮಗೂ ಗೊತ್ತಿರುವುದೇ, ಹಾಲು ಸಕ್ಕರೆಯನ್ನು ಕಂದು ಬಣ್ಣ ಬರುವವರೆಗೆ ಕಾಯಿಸಿ ಮಾಡುವಂಥದ್ದು. ವಿದ್ಯಾರ್ಥಿಗಳಿಗೆ ಅದು ಊರಿಗೆ ಒಯ್ಯುವ ಸಿಹಿಯೇ ಹೊರತು ದಿನವೂ ತಿನ್ನುವಂಥದಲ್ಲ. ಗೋಕಾಕದ ಕರದಂಟನ್ನು ಮಾತ್ರ ಕೋಣೆಯಲ್ಲಿ ಇಟ್ಟುಕೊಳ್ಳಲು ಹೇಳಿ. ಕರಿದ ಅಂಟು (ತಿನ್ನುವ ಗೋಂದು), ಬೆಲ್ಲ, ಒಣಕೊಬ್ಬರಿ, ಗೋಡಂಬಿ ಇರುವ ಅದು ಬಹಳ ದಿನ ಕೆಡುವುದಿಲ್ಲ, ರಾತ್ರಿ ಓದುವಾಗಿನ ಹಸಿವಿಗೆ ಒಂದು ತುಂಡು ಸಾಕು. ನವೆಂಬರ್ 1ರ ರಾಜ್ಯೋತ್ಸವಕ್ಕೆ ಅವರು ಊರಿಗೆ ಹೋಗದೆ ಇಲ್ಲಿಯೇ ಇರಲಿ ಎಂಬುದು ನನ್ನ ಆಸೆ. ಹಿಂದಿನ ರಾತ್ರಿಯೇ ಚನ್ನಮ್ಮ ವೃತ್ತದಲ್ಲಿ ಜನ ಸೇರುತ್ತಾರೆ. ಮರುದಿನ ಮೆರವಣಿಗೆಗೆ ಹಳ್ಳಿಹಳ್ಳಿಗಳಿಂದ ಬಂದವರಿಗೆ ಹುಕ್ಕೇರಿ ಹಿರೇಮಠದ ವತಿಯಿಂದ ಹೋಳಿಗೆಯ ಊಟ ಬಡಿಸುವ ರೂಢಿ ಬೆಳೆದುಬಂದಿದೆ. ಮೈಸೂರಿನ ದಸರಾ ನೋಡಿ ಬೆಳೆದವರಿಗೂ ಈ ಜನಸಾಗರ ಹೊಸದಾಗಿ ಕಾಣುತ್ತದೆ.

ಅವರು ಬೆಂಗಳೂರಿನಿಂದ ರಾತ್ರಿಯ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ತಿಂಡಿಯ ಹೊತ್ತಿಗೆ ಇಲ್ಲಿರುತ್ತಾರೆ. ನಾನೂ ನನ್ನ ಅಕ್ಕನೂ ನಿಲ್ದಾಣಕ್ಕೆ ಬರುತ್ತೇವೆ. ಭಾನುವಾರ ಬೇಡ. ಅಂದು ರಾತ್ರಿ ಖಾನಾವಳಿಗಳು ಹೆಚ್ಚಾಗಿ ಮುಚ್ಚಿರುತ್ತವೆ, ಮೊದಲ ದಿನವೇ ಅವರು ರೊಟ್ಟಿಯಿಲ್ಲದೆ ಮಲಗುವುದು ನನಗೆ ಇಷ್ಟವಿಲ್ಲ. ಸೋಮವಾರವೋ ಮಂಗಳವಾರವೋ ಬರುವಂತೆ ಟಿಕೆಟ್ ತೆಗೆಸಿ, ದಿನಾಂಕವನ್ನು ತಿಳಿಸಿ.