ಮುತ್ತತ್ತಿಯಲ್ಲಿ ಹೊಳೆದಂಡೆ ನಡಿಗೆ: ಪ್ರತಿಕ್ರಿಯೆ

ಮೈಸೂರಿಂದ ಐದು ಜನ ಗೆಳೆಯರು ಹೊರಟು, ಮುತ್ತತ್ತಿಯಿಂದ ಭೀಮೇಶ್ವರಿವರೆಗೆ ಹೊಳೆದಂಡೆಯಲ್ಲೇ ನಡೆದು ಸಂಜೆಗೆ ವಾಪಸಾಗಬಹುದಾ, ನಡುವೆ ಈಜಬಹುದಾ ಅಂತ ಕೇಳಿದ್ದೀರಿ.

ನಿಮ್ಮ ಪಾಡಿಗೆ ನೀವು ನಡೆಯೋ ಹಾಗಿಲ್ಲ. ಅದು ಕಾವೇರಿ ವನ್ಯಧಾಮ, ಆನೆ ಕಾಡು. ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರ ಸಿಬ್ಬಂದಿ ಜೊತೆಗೇ ಹೋಗಬೇಕು.

ಈಜೋದಂತೂ ಬೇಡವೇ ಬೇಡ. ಬಂಡೆ ಪಕ್ಕ ಮೊಣಕಾಲುದ್ದ ನೀರು ಅನ್ಸುತ್ತೆ, ಎರಡು ಹೆಜ್ಜೆ ಆಚೆ ಮಡು. ಪಾಚಿ ಕಟ್ಟಿದ ಬಂಡೆ ಮೇಲೆ ಚಪ್ಪಲಿ ನಿಲ್ಲಲ್ಲ. ಸುಳಿ ಇದೆ, ಮೊಸಳೆಯೂ ಇದೆ. ಇಲ್ಲಿ ಸುಡುಬಿಸಿಲಿದ್ದರೂ ಮೇಲೆ ಕನ್ನಂಬಾಡಿಯಿಂದ ನೀರು ಬಿಟ್ಟರೆ ಹೊಳೆ ಏರುತ್ತೆ. ಈಜು ಬಲ್ಲವರೇ ಎಷ್ಟೋ ಜನ ಅಲ್ಲಿ ಮುಳುಗಿದ್ದಾರೆ.

ದಾರಿ ಬನ್ನೂರು, ಮಳವಳ್ಳಿ, ಹಲಗೂರು. ತಿಂಡಿ ಹಲಗೂರಲ್ಲೇ ಮುಗಿಸಿ. ಶನಿವಾರ ಆಂಜನೇಯನ ಗುಡಿಗೆ ಜನವೋ ಜನ, ವಾರದ ನಡುವೆ ಹೋಗಿ. ಕೋತಿಗಳು ಕೈಚೀಲ ಕಿತ್ಕೊಂಡು ಹೋಗ್ತವೆ, ಹುಷಾರು! ದಂಡೆಯ ಹೊಳೆಮತ್ತಿ ಮರಗಳನ್ನ ತಲೆಯೆತ್ತಿ ನೋಡ್ತಾ ಇರಿ. ಉದ್ದ ಬಾಲದ ಬೂದು ದೊಡ್ಡ ಅಳಿಲು ಕಾಣೋದು ಅಲ್ಲೇ. ನನಗೆ ಹೊಳೆಗಿಂತ ಅದೇ ಇಷ್ಟ.

ಅನುಮತಿ ಸಿಗಲಿಲ್ವಾ? ಪಾಂಡವಪುರದ ಕುಂತಿಬೆಟ್ಟ ಹತ್ತಿ, ಬಿಸಿಲೇರೋ ಮೊದಲೇ.