ಏಪ್ರಿಲ್‌ನಲ್ಲಿ ಕಾಪು ಬಂಡೆ: ತೀರ್ಥಹಳ್ಳಿಯವರ ಪ್ರಶ್ನೆಗೆ

ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಕಡಲತಡಿಯ ಕಾಪು ದೀಪಸ್ತಂಭದ ಬಂಡೆಯ ಮೇಲೆ ನಿಂತರೆ, ಏಪ್ರಿಲ್ ಆರಂಭದಲ್ಲಿ ಉತ್ತರಕ್ಕೆ ಮರಳುವ ಹಕ್ಕಿಗಳು ಕಾಣುವುವೇ ಎಂದು ತಾವು ಕೇಳಿದ್ದೀರಿ. ಕಾಣಬಹುದು, ಆದರೆ ಆಕಾಶ ತುಂಬಿದ ಮೆರವಣಿಗೆಯನ್ನು ನಿರೀಕ್ಷಿಸಬೇಡಿ. ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿಯೇ ಹೊರಟುಬಿಡುತ್ತವೆ. ನನ್ನ ಮಟ್ಟಿಗೆ ಆ ದಿನಗಳ ಆಕರ್ಷಣೆ ಹಾರಾಟಕ್ಕಿಂತ ಹೆಚ್ಚಾಗಿ ಪುಕ್ಕದ ಬಣ್ಣದಲ್ಲಿದೆ. ಚಳಿಗಾಲವಿಡೀ ಕಣ್ಣಿನ ಹಿಂದೊಂದು ಕಪ್ಪು ಚುಕ್ಕೆಯಷ್ಟೇ ಇದ್ದ ಕಂದುತಲೆಯ ಕಡಲಹಕ್ಕಿಗಳಾದ ಗಲ್‌ಗಳಿಗೆ ಈಗ ಇಡೀ ತಲೆ ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತಿರುತ್ತದೆ, ಮರಳುಬಣ್ಣದ ಪುಟ್ಟ ದಡದ ಹಕ್ಕಿಗಳಾದ ಪ್ಲೋವರ್‌ಗಳ ಎದೆಗೆ ಇಟ್ಟಿಗೆಗೆಂಪು ಪಟ್ಟಿ ಮೂಡುತ್ತಿರುತ್ತದೆ. ಒಂದೇ ಗುಂಪಿನಲ್ಲಿ ಅರೆಬರೆ ಬದಲಾದವೂ ಇರುವುದರಿಂದ ದುರ್ಬೀನು ಇಲ್ಲದೆ ಹೋಗಬೇಡಿ.

ನಸುಕಿಗೇ ಘಾಟಿ ಇಳಿಯುವುದು ಒಳ್ಳೆಯದು, ಏಕೆಂದರೆ ಬೆಳಿಗ್ಗೆ ಸೂರ್ಯ ಬೆನ್ನಿಗಿರುತ್ತಾನೆ, ಮಧ್ಯಾಹ್ನ ಕಳೆದರೆ ನೇರ ಕಣ್ಣಿಗೇ ಹೊಡೆಯುತ್ತಾನೆ. ಪ್ಲೋವರ್‌ಗಳಿಗಾದರೆ ಬಂಡೆಗಿಂತ ಮಲ್ಪೆ ಬಳಿಯ ಉದ್ಯಾವರ ಹೊಳೆಯ ಅಳಿವೆಯೇ ಮೇಲು. ಇಳಿತದಲ್ಲಿ ಕೆಸರಿನ ತುಂಬ ಚದುರಿ ಮೇಯುವ ಅವು ನೀರು ಏರತೊಡಗಿದಂತೆ ದಡದತ್ತ ಒತ್ತಾಗಿ ಸೇರುತ್ತವೆ.

ಅಷ್ಟು ದೂರ ಹೋಗಲಾಗದಿದ್ದರೆ, ನಿಮ್ಮೂರಿನ ತುಂಗೆಯ ಕಲ್ಲುಗಳ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ ಹಕ್ಕಿಯನ್ನು ಗಮನಿಸಿ. ಗಂಡಿನ ಗಂಟಲು ಕಪ್ಪಾಗುತ್ತಿದ್ದರೆ ಅದೂ ಹಿಮಾಲಯದತ್ತ ಹೊರಡುವ ಸಿದ್ಧತೆಯಲ್ಲಿದೆ.